ವಿನಾಯಿತಿ ಸಿಗುತ್ತದೆ, ಪಾಠ ಸಿಗುವುದಿಲ್ಲ

"ಓದಲಿಕ್ಕೆ ಕಷ್ಟ ಆಗುವ ಮಕ್ಕಳಿಗೇ ಅಂತ ಬೇರೆ ಶಾಲೆ ಉಂಟಂತಲ್ಲ, ಹಾಸ್ಟೆಲ್ ಸಮೇತ. ಅದು ಎಲ್ಲಿ?" ಸುಳ್ಯ, ಪುತ್ತೂರು, ಕಡಬದ ಕಡೆ ಶಾಲೆ-ಮಕ್ಕಳ ವಿಷಯ ಮಾತಾಡಲು ಕುಳಿತರೆ ಈ ಪ್ರಶ್ನೆ ಬರುವುದುಂಟು. ಕೇಳುವವರು ಹೆಚ್ಚಾಗಿ ತಾಯಂದಿರು. ಮಗ ದಡ್ಡನಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ತೋಟದ ಸ್ಪ್ರಿಂಕ್ಲರ್ ಜೆಟ್ ಕಟ್ಟಿಕೊಂಡರೆ ಬಿಚ್ಚಿ ಸರಿ ಮಾಡುತ್ತಾನೆ, ರಾತ್ರಿ ನೋಡಿದ ಯಕ್ಷಗಾನ ಆಟದ ಅರ್ಧ ಪ್ರಸಂಗವನ್ನು ಬೆಳಿಗ್ಗೆ ಅಭಿನಯಿಸಿ ತೋರಿಸುತ್ತಾನೆ, ಅಂಗಡಿಯ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ. ಪಾಠಪುಸ್ತಕದ ನಾಲ್ಕು ಸಾಲು ಓದು ಎಂದರೆ ಮಾತ್ರ ಬೆವರುತ್ತಾನೆ. ಊರವರ ಪ್ರಕಾರ ಅದು 'ಉದಾಸೀನ'. ಟ್ಯೂಷನ್ ಟೀಚರ ಪ್ರಕಾರ ಗಮನ ಇಲ್ಲ. ಇಂಥ ಹುಡುಗನನ್ನು ಎಲ್ಲಿಗಾದರೂ ಕಳಿಸಿ ಸರಿ ಮಾಡಿಸಬಹುದೇ ಎಂಬುದು ಆ ತಾಯಿಯ ಆಸೆ.

ನೇರ ಉತ್ತರ ಸಣ್ಣದು. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗಾಗಿಯೇ ನಡೆಯುವ ಶಾಲೆಗಳು ಬೆಂಗಳೂರು, ಚೆನ್ನೈಯಂಥ ಮಹಾನಗರಗಳಲ್ಲಿವೆ. ಅವು ಬಹುತೇಕ ಹಗಲು ಶಾಲೆಗಳು, ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಓದು ಕಲಿಯಬೇಕಾದ ಹಳ್ಳಿಯ ಮಗುವಿಗೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಅಂಥ ಶಾಲೆಗಳಲ್ಲಿ ನಿಜವಾಗಿ ಏನು ನಡೆಯುತ್ತದೆ, ಅದನ್ನು ಜಾಲ್ಸೂರಿನಂಥ ಊರಿಗೆ ತರಲು ಏನು ಬೇಕು, ನಮ್ಮ ವ್ಯವಸ್ಥೆ ಇಷ್ಟು ವರ್ಷ ಅದರ ಬದಲು ಏನು ಮಾಡುತ್ತ ಬಂದಿದೆ ಎಂಬುದನ್ನು ಕ್ರಮವಾಗಿ ನೋಡಬೇಕು.

ಜಾಲ್ಸೂರನ್ನು ಆರಿಸಿದ್ದಕ್ಕೆ ಕಾರಣವಿದೆ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ದಾಟಿ ಬಂದರೆ ಸುಳ್ಯ ಪೇಟೆಗೆ ಸ್ವಲ್ಪ ಮೊದಲು ಸಿಗುವ ಊರು ಇದು. ಕಾಸರಗೋಡಿನ ಚೆರ್ಕಳದಿಂದ ಮುಳ್ಳೇರಿಯ, ಆದೂರು ಹಾದು ಬರುವ ರಸ್ತೆ ಇಲ್ಲಿಯೇ ಹೆದ್ದಾರಿಗೆ ಸೇರುತ್ತದೆ. ಎರಡು ರಾಜ್ಯಗಳ ಮಕ್ಕಳು, ಐದಾರು ಮನೆಮಾತು, ಒಂದೆಡೆ ಸರಕಾರಿ ಕನ್ನಡ ಶಾಲೆ, ಇನ್ನೊಂದೆಡೆ ಇಂಗ್ಲಿಷ್ ಮಾಧ್ಯಮ ಶಾಲೆಯ ಬಸ್ಸು. ಹೆಚ್ಚಿನ ಪರೀಕ್ಷೆ, ಸಮಾಲೋಚನೆ ಬೇಕೆಂದರೆ ಎಂಬತ್ತು ಕಿಲೋಮೀಟರ್ ಆಸುಪಾಸಿನ ಮಂಗಳೂರಿಗೆ ಹೋಗಬೇಕು. ಹೋಗಿ ಬರುವುದರೊಳಗೆ ಅಪ್ಪನ ಒಂದು ದಿನದ ಕೆಲಸ ಹೋಯಿತು.

ಇನ್ನೊಂದು ಕಾರಣ 'ವಿಶೇಷ ಶಾಲೆ' ಎಂದರೆ ಈ ಭಾಗದಲ್ಲಿ ಜನರ ಮನಸ್ಸಿಗೆ ಬರುವ ಚಿತ್ರ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಸೀಮೆ ಇದು. ಕಡಬ ತಾಲ್ಲೂಕಿನ ಕೊಯಿಲ, ಬೆಳ್ತಂಗಡಿಯ ಕೊಕ್ಕಡದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರಗಳಿವೆ. ಗಡಿಯಾಚೆ ಕಾಸರಗೋಡಿನಲ್ಲಿ ಬೌದ್ಧಿಕ ನ್ಯೂನತೆಯ ಮಕ್ಕಳ ಬಡ್ಸ್ ಶಾಲೆಗಳಿವೆ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ ಬೌದ್ಧಿಕ ನ್ಯೂನತೆಯ ಮಕ್ಕಳಿಗಾಗಿ ಇರುವಂಥವು. ಇವು ಮಾಡುತ್ತಿರುವ ಕೆಲಸ ದೊಡ್ಡದು, ಆದರೆ ಡಿಸ್ಲೆಕ್ಸಿಯಾ ಇರುವ ಮಗುವಿನ ಜಾಗ ಅದಲ್ಲ. ಅವನ ಬುದ್ಧಿಗೆ ಏನೂ ಆಗಿಲ್ಲ. ಕೇಳಿದ ದನಿಗೂ ಕಂಡ ಅಕ್ಷರಕ್ಕೂ ನಡುವಿನ ಕೊಂಡಿ ಮಾತ್ರ ಬಲು ನಿಧಾನವಾಗಿ, ಬಲು ಶ್ರಮದಿಂದ ಬೆಸೆಯುತ್ತದೆ. ಈ ವ್ಯತ್ಯಾಸ ತಿಳಿಯದ ಕಾರಣ ಎರಡು ಅನಾಹುತ ಆಗುತ್ತವೆ. ಕೆಲವರು ಮಗುವನ್ನು ತಪ್ಪಾದ ಶಾಲೆಗೆ ಸೇರಿಸುತ್ತಾರೆ. ಅದಕ್ಕಿಂತ ಹೆಚ್ಚು ಮಂದಿ 'ವಿಶೇಷ' ಎಂಬ ಮಾತಿಗೇ ಹೆದರಿ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ಮುಂದೆ ಹೆಣ್ಣು ಕೊಡುವವರು, ತರುವವರು ಏನೆಂದಾರು ಎಂಬ ಲೆಕ್ಕಾಚಾರ ಮೂರನೇ ತರಗತಿಯಲ್ಲೇ ಶುರುವಾಗಿರುತ್ತದೆ.

ವೈದ್ಯರು ಈ ತೊಂದರೆಯನ್ನು ಗುರುತಿಸಿ ಒಂದೂಕಾಲು ಶತಮಾನವೇ ಕಳೆದಿದೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೇ ಮೊದಲಿಗ ಇವನು ಎಂದು ಅವನ ಮೇಷ್ಟರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ತಾಳಮದ್ದಳೆಯ ನಾಡಿನಲ್ಲಿ ಈ ಮಾತು ಬೇಗ ಅರ್ಥವಾಗಬೇಕು. ಅಕ್ಷರಕ್ಕಿಂತ ಮಾತು ಮುಂದಿರುವವರನ್ನು ನಾವು ಕಂಡಿದ್ದೇವೆ, ವೇದಿಕೆ ಕೊಟ್ಟು ಗೌರವಿಸಿದ್ದೇವೆ. ತರಗತಿಯೊಳಗೆ ಮಾತ್ರ ಆ ಗೌರವ ಇಲ್ಲ.

ಕನ್ನಡದ ಬಗ್ಗೆ ನಮ್ಮಲ್ಲಿ ಒಂದು ಹಳೆಯ ನಂಬಿಕೆಯಿದೆ. ನಮ್ಮದು ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿ, ಈ ರೋಗವೆಲ್ಲ ಇಂಗ್ಲಿಷಿನದು ಎಂದು. ಮೈಸೂರಿನಲ್ಲಿ ನಡೆದ ಸಂಶೋಧನೆ ಇದನ್ನು ಬಹಳ ಹಿಂದೆಯೇ ಅಲ್ಲಗಳೆದಿದೆ. ಎಸ್. ರಮಾ ಅವರು 1985ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಿಸ್ಲೆಕ್ಸಿಯಾದ ಗುರುತಿಸುವಿಕೆ ಮತ್ತು ಪರಿಹಾರ ಬೋಧನೆಯ ಮೇಲೆ ಪಿಎಚ್.ಡಿ. ಮಾಡಿದರು. ವೇಲ್ಸಿನ ಟಿ.ಆರ್. ಮೈಲ್ಸ್, ಮೈಸೂರಿನ ಲಲಿತಮ್ಮ ಅವರೊಂದಿಗೆ ಸೇರಿ 1993ರಲ್ಲಿ ಕನ್ನಡ ಓದುವ ಮಕ್ಕಳ ಡಿಸ್ಲೆಕ್ಸಿಯಾ ಕುರಿತ ಪ್ರಬಂಧವನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಕಾಶ್ ಪಡಕಣ್ಣಾಯ, ಪ್ರತಿಭಾ ಕಾರಂತ್ ಮುಂತಾದವರು ಕನ್ನಡ ಲಿಪಿಗೂ ಓದಿಗೂ ಇರುವ ಸಂಬಂಧದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಪ್ರತಿಯೊಬ್ಬ ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಗೊತ್ತಿರಬೇಕಾದದ್ದು: ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಒಂದೇ ವರ್ಷದಲ್ಲಿ ಮುಗಿದರೆ, ಕನ್ನಡದ ಅಕ್ಷರ ಕಲಿಕೆ ಸಾಮಾನ್ಯ ಮಕ್ಕಳಲ್ಲೂ ಮೂರು-ನಾಲ್ಕನೇ ತರಗತಿಯವರೆಗೆ ಎಳೆಯುತ್ತದೆ.

ಏಕೆ ಎಳೆಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಜಾಲ್ಸೂರಿನ ಬಸ್ ನಿಲ್ದಾಣದ ಫಲಕ ಸಾಕು. ಮೂರೇ ಮೂರು ಅಕ್ಷರ. ನಡುವಿನದನ್ನು ನೋಡಿ. ದೊಡ್ಡದಾಗಿ ಕಾಣುವುದು 'ಲ'. ಕೊಂಬಿನ ದೀರ್ಘ ಅಂಟಿಕೊಂಡಿರುವುದೂ ಆ 'ಲ'ಗೇ. 'ಸ' ಒತ್ತಾಗಿ ಕೆಳಗೆ ಕುಳಿತಿದೆ. ಆದರೆ ಉಚ್ಚರಿಸುವಾಗ ದೀರ್ಘ ಹೋಗುವುದು ಕೆಳಗಿನ 'ಸ'ಗೆ. ಕಣ್ಣು ಹೋದ ಕ್ರಮದಲ್ಲಿ ಬಾಯಿ ಹೋದರೆ 'ಜಾಲೂಸರು' ಆಗುತ್ತದೆ. ಹೆಚ್ಚಿನ ಮಕ್ಕಳು ಈ ಒಗಟನ್ನು ಯಾರೂ ಬಿಡಿಸಿ ಹೇಳದೆಯೇ ಬಿಡಿಸಿಕೊಳ್ಳುತ್ತಾರೆ. ಕೆಲವರಿಗೆ ಬಿಡಿಸಿ ಹೇಳಬೇಕು, ನೂರು ಸಲ ಹೇಳಬೇಕು. 'ಸೂರ್ಯ', 'ವರ್ಷ'ಗಳಲ್ಲಿ ಬರುವ ಅರ್ಕಾವೊತ್ತು ಇನ್ನೂ ತಲೆಕೆಳಗು, ಮೊದಲು ನುಡಿಯುವುದನ್ನು ಕೊನೆಗೆ ಬರೆಯಬೇಕು. ಜೊತೆಗೆ ಪ-ಫ, ದ-ಧ, ಬ-ಭ, ಎ-ಏಗಳ ಸೂಕ್ಷ್ಮ ಗೆರೆಗಳು. ಒಂದು ವ್ಯಂಜನಕ್ಕೆ ಒಂದು ಡಜನ್ ಕಾಗುಣಿತ ರೂಪ, ಅದರ ಮೇಲೆ ಒತ್ತು.

ಹಾಗಾಗಿ ಕನ್ನಡದಲ್ಲಿ ಡಿಸ್ಲೆಕ್ಸಿಯಾದ ರೂಪ ಬೇರೆ. ಒಂದಿಷ್ಟು ವರ್ಷ ತಿದ್ದಿಸಿಕೊಂಡ ಮಗು ತಪ್ಪಿಲ್ಲದೆಯೂ ಓದೀತು, ಆದರೆ ಅಕ್ಷರ ಅಕ್ಷರ ಕೂಡಿಸಿಕೊಂಡು ಓದುತ್ತದೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಸಾಲಿನ ಮೊದಲು ಏನಿತ್ತು ಎಂಬುದು ಮರೆತಿರುತ್ತದೆ. ಶಿಕ್ಷಕರು ಅದನ್ನು 'ನಿಧಾನ' ಎಂದು ಬರೆದು ಮುಂದಕ್ಕೆ ಕಳಿಸುತ್ತಾರೆ. ಉಕ್ತಲೇಖನದ ಪುಸ್ತಕ ಮಾತ್ರ ಕೆಂಪು ಗೆರೆಗಳಿಂದ ತುಂಬಿರುತ್ತದೆ. ಬರೆದಂತೆ ಓದದ ಇಂಗ್ಲಿಷ್ ಭಾಷೆ ಎದುರಾದ ಮೇಲೆಯೇ ಬಂಡಿ ಪೂರ್ತಿ ನಿಲ್ಲುವುದು. ಇಂಗ್ಲಿಷ್ ಮಾಧ್ಯಮದ ಮಗುವಿನ ತೊಂದರೆ ಬೇಗ ಬಯಲಾಗಿ, ಕನ್ನಡ ಮಾಧ್ಯಮದ ಮಗುವಿನದು ಹೈಸ್ಕೂಲಿನವರೆಗೆ ಮುಚ್ಚಿಹೋಗುವುದಕ್ಕೆ ಇದೂ ಒಂದು ಕಾರಣ.

ಸುಳ್ಯ, ಪುತ್ತೂರು, ಕಡಬ ಈ ಮೂರು ತಾಲ್ಲೂಕಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಮಗುವಿಗೆ ಶಾಲೆಯ ಕನ್ನಡ ಮನೆಮಾತಲ್ಲ. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ. ಹವ್ಯಕರ ಮನೆಯಲ್ಲಿ ಕನ್ನಡವೇ, ಆದರೆ ಪಾಠಪುಸ್ತಕದ್ದಲ್ಲ. ತುಳುವಿನ ಆಡುಮಾತಿನಲ್ಲಿ ಮಹಾಪ್ರಾಣ ಕಿವಿಗೆ ಬೀಳುವುದೇ ಅಪರೂಪ. ಆ ಮಗು 'ಭ'ದ ಜಾಗದಲ್ಲಿ 'ಬ' ಬರೆದರೆ ಅದು ನ್ಯೂನತೆಯಲ್ಲ, ಕೇಳಿದ್ದನ್ನು ಬರೆದದ್ದು. ಆದರೆ ಅದೇ ಮಗು ಎರಡು ವರ್ಷ ಕಲಿತ ಮೇಲೂ 'ಮ' ಮತ್ತು 'ವ' ಬೇರ್ಪಡಿಸಲಾಗದೆ ಒದ್ದಾಡಿದರೆ, ಪದದಲ್ಲಿ ಮೊದಲ ದನಿ ಯಾವುದೆಂದು ಬಾಯಲ್ಲೂ ಹೇಳಲಾಗದಿದ್ದರೆ, ಆಗ ನಿಂತು ನೋಡಬೇಕು. ಅದನ್ನು ಅವನ ಮನೆಮಾತಿನಲ್ಲೇ ಕೇಳಬೇಕು. ಬೆಂಗಳೂರಿನಲ್ಲಿ ತಯಾರಾದ ಪ್ರಶ್ನಾವಳಿಯೊಂದನ್ನು ತಂದು ಈ ಮಕ್ಕಳ ಮುಂದಿಟ್ಟು ಅಂಕ ಹಾಕಿದರೆ ಅರ್ಧ ತರಗತಿಗೇ ಡಿಸ್ಲೆಕ್ಸಿಯಾ ಬಂದೀತು. ತುಳು ಬಲ್ಲ, ಅರೆಭಾಷೆ ಬಲ್ಲ ಸ್ಥಳೀಯ ಶಿಕ್ಷಕರೇ ಇದನ್ನು ಮಾಡಬೇಕು ಎನ್ನುವುದು ಊರಭಿಮಾನದ ಮಾತಲ್ಲ, ಪರೀಕ್ಷೆ ಸರಿಯಾಗಬೇಕಾದರೆ ಅದು ಅಗತ್ಯ.

ಎಷ್ಟು ಮಕ್ಕಳು? ಕರ್ನಾಟಕದಲ್ಲಿ ಹೆಚ್ಚು ಉಲ್ಲೇಖವಾಗುವ ಲೆಕ್ಕ ಬೆಳಗಾವಿ ನಗರದ್ದು. 2012ರಲ್ಲಿ ಪ್ರಕಟವಾದ ಆ ಅಧ್ಯಯನ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಶೇ. 15ರಷ್ಟು ಮಂದಿಗೆ ಯಾವುದಾದರೊಂದು ನಿರ್ದಿಷ್ಟ ಕಲಿಕಾ ನ್ಯೂನತೆ, ಶೇ. 11ರಷ್ಟು ಮಂದಿಗೆ ಡಿಸ್ಲೆಕ್ಸಿಯಾ ಇದೆ ಎಂದಿತು. ಬೇರೆಡೆಯ ಅಂದಾಜುಗಳು ಇದಕ್ಕಿಂತ ಕೆಳಗೂ ಇವೆ. ನನಗೆ ಈ ಅಂಕಿಗಳ ಮೇಲೆ ಹೆಚ್ಚು ನೆಚ್ಚಿಕೆ ಇಲ್ಲ, ಅಳತೆಗೋಲು ಬದಲಾದಂತೆ ಸಂಖ್ಯೆ ಬದಲಾಗುತ್ತದೆ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಗಳ ಪ್ರಕಾರ ರಾಜ್ಯದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು. ಅವರೆಲ್ಲರಿಗೂ ಡಿಸ್ಲೆಕ್ಸಿಯಾ ಇರಲು ಸಾಧ್ಯವಿಲ್ಲ, ಅವರಲ್ಲಿ ಬಹುಪಾಲು ಸರಿಯಾಗಿ ಪಾಠ ಸಿಗದವರು. ಕಲಿಸದೆ ಬಿಟ್ಟ ಮಗುವನ್ನೂ ಕಲಿಸಿದರೂ ಹತ್ತದ ಮಗುವನ್ನೂ ಬೇರ್ಪಡಿಸುವ ದಾರಿ ಒಂದೇ: ಮೊದಲು ಇಬ್ಬರಿಗೂ ಚೆನ್ನಾಗಿ ಕಲಿಸುವುದು. ಆರು ತಿಂಗಳು ಕ್ರಮವಾಗಿ ಕಲಿಸಿದಾಗ ಯಾರು ಮೇಲೆದ್ದರು, ಯಾರು ಉಳಿದರು ಎಂಬುದು ತಾನಾಗಿ ಕಾಣುತ್ತದೆ.

ಇನ್ನು ಕಾನೂನಿನ ಮಾತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಸುದ್ದಿಯೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಅದನ್ನೂ ಸೇರಿಸಿತು. ಅದರ 16ನೇ ಕಲಮು ಓದಿದರೆ ಸಂತೋಷವಾಗುತ್ತದೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಬೇಕು, ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಎಂಬ ಎರಡೂ ಮಾತು ಅದರಲ್ಲಿವೆ. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿ ಇನ್ನೂ ಸ್ಪಷ್ಟ. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಾಲೆಯಲ್ಲೇ ಶಿಕ್ಷಕರ ಸಮಿತಿ ಪ್ರಾಥಮಿಕ ತಪಾಸಣೆ ಮಾಡಬೇಕು, ಸಂಶಯ ಬಂದವರನ್ನು ಮಕ್ಕಳ ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಕಳಿಸಬೇಕು. ಪ್ರಮಾಣಪತ್ರ ಎಂಟು ವರ್ಷದ ಮೇಲೆ, ಹದಿನಾಲ್ಕು ಮತ್ತು ಹದಿನೆಂಟರಲ್ಲಿ ಮರುಪರೀಕ್ಷೆ. ಪರೀಕ್ಷೆಗೆ ನಿಮ್ಹಾನ್ಸ್ ರೂಪಿಸಿದ ಸಾಧನವಿದೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಪರೀಕ್ಷೆ ಕನ್ನಡದಲ್ಲೂ ಲಭ್ಯ. ಕಾಗದದ ಮೇಲೆ ಕೊರತೆ ಏನೂ ಇಲ್ಲ.

ಆದರೆ ಕಾಯ್ದೆ ಹೇಳಿದ ಆ ಎರಡರಲ್ಲಿ ಪತ್ತೆ ಹಚ್ಚುವುದನ್ನು ಹಿಡಿದುಕೊಂಡು ಬೋಧನೆಯನ್ನು ಕೈಬಿಟ್ಟದ್ದೇ ನಮ್ಮ ಕತೆ. ಪತ್ತೆ ಹಚ್ಚುವುದೂ ಬಹುಪಾಲು ಹತ್ತನೇ ತರಗತಿಯ ಬಾಗಿಲಲ್ಲಿ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲನೆಯದು. ಹಿಂದಿನ ವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಈ ಪೈಪೋಟಿಯಲ್ಲಿ ಪ್ರತಿ ಶಾಲೆಗೂ 'ಫೇಲಾಗಬಹುದಾದವರ ಪಟ್ಟಿ' ಒಂದಿರುತ್ತದೆ. ಒಂಬತ್ತನೇ ತರಗತಿಯ ಕೊನೆಯಲ್ಲಿ ಆ ಪಟ್ಟಿ ತಯಾರಾಗುವಾಗ ಯಾರಿಗೋ ಹೊಳೆಯುತ್ತದೆ, ಇವನಿಗೆ ಸರ್ಟಿಫಿಕೇಟ್ ಮಾಡಿಸಿದರೆ ಹೇಗೆ? ಹೆಚ್ಚುವರಿ ಸಮಯ ಸಿಗುತ್ತದೆ, ಬರೆಯಲು ಸಹಾಯಕರು ಸಿಗುತ್ತಾರೆ. ಸಿಬಿಎಸ್‌ಇಯಾದರೆ ಗಂಟೆಗೆ 20 ನಿಮಿಷ ಹೆಚ್ಚು, ಮೂರನೇ ಭಾಷೆಯಿಂದ ವಿನಾಯಿತಿ. ಈ ಸೌಲಭ್ಯಗಳು ಸುಲಭವಾಗಿ ಬಂದವಲ್ಲ, ತಂದೆತಾಯಿಯರು ಹೋರಾಡಿ ಪಡೆದವು. 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಬರೆಯುವ ತೊಂದರೆ ಇರುವ ಅಭ್ಯರ್ಥಿಗೆ ಶೇ. 40ರಷ್ಟು ಅಂಗವೈಕಲ್ಯದ ಅಳತೆ ಮುಂದಿಟ್ಟು ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷ ನೀಟ್ ಬರೆದ ವಿದ್ಯಾರ್ಥಿನಿಯೊಬ್ಬಳಿಗೆ ಹೆಚ್ಚುವರಿ ಸಮಯ ಕೊಡದಿದ್ದುದು ತಪ್ಪೆಂದೂ ಹೇಳಿತು. ನಾನು ಇವುಗಳ ವಿರೋಧಿಯಲ್ಲ. ಆದರೆ ಹತ್ತು ವರ್ಷ ಶಾಲೆಯಲ್ಲಿ ಕೂತ ಹುಡುಗನಿಗೆ ಓದಲು ಕಲಿಸದೆ, ಕೊನೆಯ ಮೂರು ಗಂಟೆ ಬೇರೊಬ್ಬರಿಂದ ಬರೆಸಿ, ಪಾಸಾದ ಎಂದು ಬೆನ್ನು ತಟ್ಟುವುದರಲ್ಲಿ ಏನೋ ಒಂದು ವಂಚನೆ ಇದೆ. ಆತ ನಾಳೆ ಬ್ಯಾಂಕಿನ ಫಾರಂ, ಸೊಸೈಟಿಯ ನೋಟಿಸು, ಔಷಧದ ಚೀಟಿ ಓದಬೇಕು. ಅಲ್ಲಿ ಸಹಾಯಕರನ್ನು ಯಾರು ಕೊಡುತ್ತಾರೆ?

ಹಾಗಾದರೆ ಆ ಬೋಧನೆ ಎಂದರೇನು? ಗುಟ್ಟೇನಿಲ್ಲ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್, ಶಿಕ್ಷಕಿ ಅನ್ನಾ ಗಿಲ್ಲಿಂಗಮ್ 1930ರ ದಶಕದಲ್ಲಿ ಕಟ್ಟಿದ ಕ್ರಮವೇ ಇಂದಿಗೂ ಹೆಚ್ಚಿನ ವಿಶೇಷ ಶಾಲೆಗಳ ತಳಹದಿ. ಒಂದು ಹೊತ್ತಿಗೆ ಒಂದೇ ದನಿ. ಅದನ್ನು ಕೇಳು, ಹೇಳು, ನೋಡು, ಬೆರಳಿನಿಂದ ತೀಡು. ಅದು ಗಟ್ಟಿಯಾದ ಮೇಲೆ ಇನ್ನೊಂದು. ನಿನ್ನೆಯದನ್ನು ಇಂದೂ, ಇಂದಿನದನ್ನು ನಾಳೆಯೂ. ಮಗು ಊಹಿಸಿಕೊಳ್ಳಲಿ ಎಂದು ಏನನ್ನೂ ಬಿಡುವಂತಿಲ್ಲ. ಮರಳಿನ ತಟ್ಟೆಯ ಮೇಲೆ ಬರೆಸುವುದು ಈ ಕ್ರಮದ ಪ್ರಸಿದ್ಧ ಉಪಾಯ. ನಮ್ಮ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆಯೇ ತಿದ್ದುತ್ತಿದ್ದರು, ಈಗಲೂ ಅಕ್ಷರಾಭ್ಯಾಸಕ್ಕೆ ಅಕ್ಕಿಯ ಹರಿವಾಣ ಬೇಕೇ ಬೇಕು. ಹಾಗೆಂದು ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಹೊರಡುವುದು ಬೇಡ, ಐಗಳ ಮಠದ ಬೆತ್ತವೂ ನೆನಪಿರಲಿ.

ನಲಿಕಲಿಯನ್ನು ಇಲ್ಲಿ ಹೆಸರಿಸಲೇಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿ ವರ್ಣಮಾಲೆಯ ಕ್ರಮ ಬಿಟ್ಟು 'ರ, ಗ, ಸ, ದ, ಅ' ಎಂದು ಅಕ್ಷರ ಕಲಿಸುತ್ತದೆ. ಸುಲಭ ಆಕಾರ ಮೊದಲು, ಕಲಿತ ಐದರಲ್ಲೇ ಪದ ಕಟ್ಟುವುದು, ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ತನ್ನ ವೇಗದಲ್ಲಿ ಹತ್ತುವುದು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದರ ಅರ್ಧ ಹೇಳಿ ಮಾಡಿಸಿದಂತಿದೆ. ಕೊರತೆ ಇನ್ನರ್ಧದಲ್ಲಿ. ಮೆಟ್ಟಿಲಲ್ಲಿ ಸಿಕ್ಕಿಕೊಂಡ ಮಗುವಿಗೆ ಮುಂದೇನು ಮಾಡಬೇಕೆಂಬುದು ಕಲಿಕಾ ಕಾರ್ಡಿನಲ್ಲಿಲ್ಲ, ದನಿಯನ್ನು ಬಿಡಿಸಿ ಕೇಳಿಸುವ ಅಭ್ಯಾಸ ಕಡಿಮೆ. ಮೂರನೇ ತರಗತಿ ಮುಗಿದೊಡನೆ ಮೆಟ್ಟಿಲೂ ಮುಗಿದು ಮಗು ದಪ್ಪ ಪಾಠಪುಸ್ತಕದ ಎದುರು ಕೂರುತ್ತದೆ.

ವಿಶೇಷ ಶಾಲೆಗಳ ಇತಿಹಾಸ ನೋಡಿದರೆ ಎರಡು ಬಗೆ ಕಾಣುತ್ತವೆ. ಆರ್ಟನ್ ಜೊತೆ ಒಡನಾಡಿದ ಪೀಟರ್ ಗೌ 1926ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತೆರೆದದ್ದು ವಸತಿ ಶಾಲೆ. 1971ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಲ್ಯಾಂಡ್‌ಮಾರ್ಕ್ ಶಾಲೆಯಲ್ಲಿ ವಸತಿಯೂ ಉಂಟು, ಹಗಲು ಬಂದು ಹೋಗುವವರೂ ಉಂಟು. ಲಂಡನ್ನಿನ ಫೇರ್ಲಿ ಹೌಸ್, 1982ರದು, ಹಗಲು ಶಾಲೆ. ಅಲ್ಲಿ ಮಗು ಎರಡು-ಮೂರು ವರ್ಷ ಇದ್ದು, ಓದು ಹಿಡಿತಕ್ಕೆ ಬಂದ ಮೇಲೆ ಸಾಮಾನ್ಯ ಶಾಲೆಗೆ ಮರಳಬೇಕು ಎಂಬುದೇ ಉದ್ದೇಶ. ಚೆನ್ನೈಯ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಶನ್ ನಡೆಸುವ ಅನನ್ಯ ಕಲಿಕಾ ಕೇಂದ್ರವೂ ಇದೇ ಜಾಡಿನದು. ಬೆಂಗಳೂರಿನ ಬೃಂದಾವನ ಎಜುಕೇಶನ್ ಟ್ರಸ್ಟ್ ಕಲಿಕಾ ತೊಂದರೆಯ ಮಕ್ಕಳಿಗೆ ಶಾಲೆ ನಡೆಸುತ್ತ ಬಂದಿದೆ. ಹಗಲು ಬಂದು ಕಲಿತು ಸಾಮಾನ್ಯ ಶಾಲೆಗೆ ಮರಳುವ ಎರಡನೇ ಬಗೆಯೇ ನನಗೆ ಸರಿ ಕಾಣುವುದು. ಮಳೆಗಾಲದಲ್ಲಿ ತೋಡಿಗೆ ಹಾಕುವ ಅಡಿಕೆ ಮರದ ಸಂಕದಂತೆ ಅದು ದಾಟಿಸುವುದಕ್ಕೆ ಇರಬೇಕು, ಅದರ ಮೇಲೆಯೇ ಮನೆ ಕಟ್ಟಬಾರದು.

ವಸತಿ ಶಾಲೆಯ ವಿಷಯಕ್ಕೆ ಬರುತ್ತೇನೆ, ತಾಯಂದಿರ ಪ್ರಶ್ನೆಯ ನಡುಬಿಂದು ಅದೇ. ನಮ್ಮ ಜಿಲ್ಲೆಗೆ ಹಾಸ್ಟೆಲ್ ಹೊಸತಲ್ಲ. ಮುಡಿಪಿನ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಮೂಡುಬಿದಿರೆಯ ದೊಡ್ಡ ಕ್ಯಾಂಪಸ್ಸುಗಳು. ಆದರೆ ಇವುಗಳ ಬಾಗಿಲಲ್ಲೇ ಒಂದು ಲಿಖಿತ ಪರೀಕ್ಷೆ ನಿಂತಿದೆ. ಐದನೇ ತರಗತಿಯ ಮಗು ಓದಿ, ಬರೆದು, ಸಮಯದೊಳಗೆ ಮುಗಿಸಿದರೆ ಒಳಗೆ ಪ್ರವೇಶ. ಸರಕಾರದ ಉಚಿತ ಊಟ, ವಸತಿ, ಒಳ್ಳೆಯ ಶಿಕ್ಷಕರು ಯಾರಿಗೆ ಅತಿ ಹೆಚ್ಚು ಬೇಕೋ ಅವರನ್ನೇ ಶೋಧಿಸಿ ಹೊರಗಿಡುವ ಪರೀಕ್ಷೆ ಅದು. ಇತ್ತ ಖಾಸಗಿ ಹಾಸ್ಟೆಲ್ ಎಂಬುದು ಓದದ ಮಗುವಿಗೆ ಹಾಕುವ ಬೆದರಿಕೆ: "ಹೀಗೇ ಮಾಡಿದರೆ ಹಾಸ್ಟೆಲಿಗೆ ಹಾಕ್ತೇನೆ ನೋಡು." 2007ರ 'ತಾರೇ ಜಮೀನ್ ಪರ್' ಚಿತ್ರದಲ್ಲಿ ಅಪ್ಪ ಮಾಡಿದ್ದೂ ಅದನ್ನೇ. ಡಿಸ್ಲೆಕ್ಸಿಯಾ ಎಂಬ ಹೆಸರು ನಮ್ಮ ಮನೆಗಳಿಗೆ ಬಂದದ್ದು ಆ ಸಿನಿಮಾದಿಂದ. ಉಪಕಾರ ದೊಡ್ಡದು. ಆದರೆ ಕೆಲವೇ ವಾರಗಳಲ್ಲಿ ಒಬ್ಬ ಪ್ರೀತಿಯ ಮೇಷ್ಟರು ಎಲ್ಲ ಸರಿ ಮಾಡಿಬಿಡುತ್ತಾರೆ, ಪ್ರತಿ ಇಂಥ ಮಗುವಿನೊಳಗೂ ಒಬ್ಬ ಚಿತ್ರಕಾರನಿರುತ್ತಾನೆ ಎಂಬ ಎರಡು ಭ್ರಮೆಗಳನ್ನೂ ಅದೇ ಬಿತ್ತಿತು. ಐನ್‌ಸ್ಟೈನ್ ಹೆಸರು ಹೇಳಿ ತಂದೆತಾಯಿಯರನ್ನು ಸಮಾಧಾನ ಮಾಡುವ ಭಾಷಣಗಳಿಗೂ ಅಲ್ಲಿಂದ ಬಲ ಬಂತು. ಹೆಚ್ಚಿನ ಮಕ್ಕಳು ಐನ್‌ಸ್ಟೈನರೂ ಅಲ್ಲ, ಚಿತ್ರಕಾರರೂ ಅಲ್ಲ. ಸಾಧಾರಣ ಮಕ್ಕಳು. ಸಾಧಾರಣವಾಗಿ ಓದಲು ಕಲಿಯುವ ಹಕ್ಕು ಅವರಿಗಿದೆ, ಅದಕ್ಕೆ ಪ್ರತಿಭೆಯ ಅರ್ಹತೆ ಬೇಕಿಲ್ಲ.

ಎಂಟು-ಒಂಬತ್ತು ವರ್ಷದ ಮಗುವನ್ನು ದೂರದ ವಸತಿ ಶಾಲೆಗೆ ಕಳಿಸುವುದನ್ನು ನಾನು ಒಪ್ಪಲಾರೆ. ಆ ವಯಸ್ಸಿನಲ್ಲಿ ಅದರ ಬಳಿ ಇರುವ ದೊಡ್ಡ ಬಂಡವಾಳ ಮನೆಮಾತು. ದನಿಗಳ ಅರಿವು ಹುಟ್ಟುವುದು ಅದರಿಂದ. ತುಳುವಿನ ಗಾದೆ, ಅಜ್ಜಿಯ ಕತೆ, ಸಂಧ್ಯಾಕಾಲದ ಭಜನೆ ಬಿಡಿಸಿ, ಅರ್ಥವಾಗದ ಇಂಗ್ಲಿಷಿನ ನಡುವೆ ಮಗುವನ್ನು ಕೂರಿಸಿ 'ಪರಿಹಾರ ಬೋಧನೆ' ಮಾಡುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆ. ಹೈಸ್ಕೂಲಿನ ಮಕ್ಕಳ ಮಾತು ಬೇರೆ. ಶಿರಾಡಿ, ಸುಬ್ರಹ್ಮಣ್ಯ ಆಚೆಯ ಮನೆಗಳಿಂದ ದಿನಾ ಪುತ್ತೂರಿಗೆ ಬಂದು ಹೋಗುವುದು ಮಳೆಗಾಲದಲ್ಲಿ ಆಗದ ಮಾತು. ಅಂಥವರಿಗೆ ವಾರದ ವಸತಿ, ಶನಿವಾರ ಮನೆಗೆ ಎಂಬ ವ್ಯವಸ್ಥೆ ಇದ್ದರೆ ಒಳ್ಳೆಯದೇ. ಈಗಿರುವ ಮೊರಾರ್ಜಿ ಶಾಲೆಗಳಲ್ಲೇ ಕೆಲವು ಸೀಟುಗಳನ್ನು ಪ್ರವೇಶ ಪರೀಕ್ಷೆಯಿಲ್ಲದೆ ಇಂಥ ಮಕ್ಕಳಿಗೆ ಮೀಸಲಿಟ್ಟು ಒಬ್ಬ ತರಬೇತಾದ ಶಿಕ್ಷಕರನ್ನು ಕೊಟ್ಟರೆ ಹೊಸ ಕಟ್ಟಡವೂ ಬೇಕಿಲ್ಲ.

ಕಟ್ಟಡದ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ದೊಡ್ಡ ಶುಲ್ಕ ಪಡೆಯುವ ವಿಶೇಷ ಶಾಲೆಗಳು ಜಾಹೀರಾತು ಕೊಡುವುದು ಯಾವುದರ ಹೆಸರಿನಲ್ಲಿ? ಆರೆಂಟು ಮಕ್ಕಳಿಗೊಬ್ಬ ಶಿಕ್ಷಕರು ಎಂದು. ಸುಳ್ಯ, ಕಡಬದ ಒಳಹಳ್ಳಿಗಳ ಎಷ್ಟೋ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಈಗ ಇರುವುದೇ ಹತ್ತು, ಹದಿನೈದು, ಇಪ್ಪತ್ತು ಮಕ್ಕಳು. ಆ ಕಾರಣಕ್ಕೇ ಅವುಗಳನ್ನು ಮುಚ್ಚಬೇಕು, ವಿಲೀನ ಮಾಡಬೇಕು ಎಂಬ ಚರ್ಚೆ ನಡೆಯುತ್ತದೆ. ಇಂಥ ಒಂದು ಶಾಲೆಯನ್ನು ಪ್ರತಿ ತಾಲ್ಲೂಕಿನಲ್ಲಿ ಆರಿಸಿ, ಹೆದ್ದಾರಿಯ ಬಸ್ಸಿಗೆ ಹತ್ತಿರವಿರುವಂತೆ ನೋಡಿ, ಬೆಳಗ್ಗೆ ಮಾಮೂಲಿ ಶಾಲೆ, ಮಧ್ಯಾಹ್ನದ ಮೇಲೆ ಸುತ್ತಲಿನ ಮಕ್ಕಳಿಗೆ ಓದು ಕಲಿಸುವ ಕೇಂದ್ರ ಎಂದು ನಡೆಸಿದರೆ ಅದು ನಮ್ಮ ಫೇರ್ಲಿ ಹೌಸ್. ಹೆದ್ದಾರಿ ಮತ್ತು ಕಾಸರಗೋಡು ರಸ್ತೆ ಸೇರುವ ಜಾಲ್ಸೂರು, ಪೈಚಾರು ಕಡೆ ಅಂಥದ್ದಕ್ಕೆ ಜಾಗ ಹುಡುಕುವುದು ಕಷ್ಟವಲ್ಲ.

ಕಷ್ಟ ಶಿಕ್ಷಕರದು. ಈಗ ಪ್ರತಿ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ಹುದ್ದೆಯಿದೆ. ದೃಷ್ಟಿ, ಶ್ರವಣ, ಬೌದ್ಧಿಕ, ದೈಹಿಕ ಎಂದು ಎಲ್ಲ ಬಗೆಯ ಮಕ್ಕಳನ್ನೂ ಅವರೇ ನೋಡಬೇಕು, ಶಾಲೆಗೆ ಬರಲಾಗದವರ ಮನೆಗೂ ಹೋಗಬೇಕು, ಶಿಬಿರ ನಡೆಸಬೇಕು, ಅಂಕಿಅಂಶ ತುಂಬಬೇಕು. ಈ ರಾಶಿಯಲ್ಲಿ ನಡೆದಾಡುವ, ಮಾತಾಡುವ, ಕಣ್ಣಿಗೆ ಏನೂ ಕಾಣದ ಮಗು ಕೊನೆಗೆ ಉಳಿಯುವುದು ಸಹಜ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೊಬ್ಬ, ಅದರ ಮೇಲೆ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಪ್ರಕಟಿಸಿ ಎಂದು ರಾಜ್ಯಗಳಿಗೆ ಮತ್ತೆ ತಾಕೀತು ಮಾಡಿತು. ಆ ಹುದ್ದೆಗಳು ತುಂಬುವಾಗ ಕಲಿಕಾ ನ್ಯೂನತೆಯಲ್ಲಿ ತರಬೇತಿ ಪಡೆದವರಿಗೆ ಪಾಲು ಸಿಗುವುದೇ ಎಂಬುದು ಸುಳ್ಯದಂಥ ತಾಲ್ಲೂಕಿಗೆ ಯಾವ ಹೊಸ ಶಾಲೆಗಿಂತ ದೊಡ್ಡ ಪ್ರಶ್ನೆ. ಪ್ರಮಾಣಪತ್ರದ ಕೆಲಸಕ್ಕೂ ಮಂಗಳೂರೇ ಗತಿ ಎಂದಿರಬೇಕಾಗಿಲ್ಲ. ವೈದ್ಯಕೀಯ ಕಾಲೇಜೇ ಇರುವ ಪೇಟೆ ಸುಳ್ಯ. ತಿಂಗಳಿಗೊಂದು ದಿನ ಮಕ್ಕಳ ವೈದ್ಯರು, ಮನೋವೈದ್ಯರು, ಮಂಗಳೂರಿನ ವಾಕ್-ಶ್ರವಣ ಕಾಲೇಜೊಂದರಿಂದ ತಜ್ಞರು ಒಟ್ಟಿಗೆ ಕುಳಿತರೆ ಪರೀಕ್ಷೆ ಇಲ್ಲೇ ಮುಗಿಯುತ್ತದೆ.

ತಂತ್ರಜ್ಞಾನದ ಬಗ್ಗೆ ಎರಡು ಮಾತು ಸಾಕು. ಮೊಬೈಲು ಈಗ ಕನ್ನಡವನ್ನು ತಕ್ಕಮಟ್ಟಿಗೆ ಓದಿ ಹೇಳುತ್ತದೆ, ಹೇಳಿದ್ದನ್ನು ಬರೆದುಕೊಳ್ಳುತ್ತದೆ. 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ'ದ ಕೇಳುವ ಪುಸ್ತಕಗಳು ದೃಷ್ಟಿಹೀನರಿಗೆ ಮಾತ್ರವಲ್ಲ, ಮುದ್ರಿತ ಪುಟ ಓದಲಾಗದ ಎಲ್ಲರಿಗೂ ಉದ್ದೇಶಿಸಿದವು. ಆರನೇ ತರಗತಿಯ ಮಗು ವಿಜ್ಞಾನ ಪಾಠವನ್ನು ಕೇಳಿ ಕಲಿತರೆ ತಪ್ಪೇನಿಲ್ಲ, ಓದು ಬಾರದ ತಪ್ಪಿಗೆ ವಿಜ್ಞಾನವೂ ಏಕೆ ಹೋಗಬೇಕು? ಆದರೆ ಎರಡನೇ ತರಗತಿಯಲ್ಲೇ ಮೊಬೈಲು ಕೊಟ್ಟು ಕೈತೊಳೆದುಕೊಂಡರೆ ಅದೂ ಇನ್ನೊಂದು ವಿನಾಯಿತಿ ಅಷ್ಟೆ.

ಗಡಿಯಾಚೆಯ ಮಗುವಿನ ಪಾಡು ಇನ್ನೂ ಸಿಕ್ಕು. ಗಡಿಭಾಗದ ಪಂಜಿಕಲ್ಲು ದಾಟಿ ಆದೂರು, ಮುಳ್ಳೇರಿಯದ ಕನ್ನಡ ಮಾಧ್ಯಮ ಶಾಲೆಯಲ್ಲಿ ಕೂತ ಮಗು ಕೇರಳದ್ದು. ಪರೀಕ್ಷಾ ಮಂಡಳಿ ಕೇರಳದ್ದು, ಸೌಲಭ್ಯದ ಆದೇಶಗಳು ಕೇರಳದವು, ಸಂಪನ್ಮೂಲ ಶಿಕ್ಷಕರ ಭಾಷೆ ಹೆಚ್ಚಾಗಿ ಮಲಯಾಳ. ಕನ್ನಡದ ಓದನ್ನು ಮಲಯಾಳದ ಸಾಧನದಿಂದ ಅಳೆಯಲಾಗದು. ಕನ್ನಡದ ಸಾಧನವಿರುವುದು ಈಚೆ, ಮೈಸೂರು-ಬೆಂಗಳೂರಿನಲ್ಲಿ. ಸುಳ್ಯದಲ್ಲಿ ಪರೀಕ್ಷೆ ಮಾಡಿಸಿದರೆ ಆ ಕಾಗದಕ್ಕೆ ಕಾಸರಗೋಡಿನಲ್ಲಿ ಬೆಲೆ ಬರಬೇಕಾದರೆ ಎರಡು ಸರಕಾರಗಳು ಮಾತಾಡಿಕೊಳ್ಳಬೇಕು. ನೀರು, ರಸ್ತೆ, ಬಸ್ಸಿನ ಬಗ್ಗೆ ಮಾತಾಡಿಕೊಳ್ಳುವವರಿಗೆ ಇದು ಅಸಾಧ್ಯವೇನಲ್ಲ.

ಇಷ್ಟೆಲ್ಲ ಆಗುವವರೆಗೆ ಕಾಯಲಾಗದ ತಾಯಿ ಈ ವರ್ಷ ಮಾಡಬಹುದಾದದ್ದು ಇಷ್ಟು. ಮೊದಲು ಕಣ್ಣು, ಕಿವಿ ತೋರಿಸುವುದು. ಮೂರನೇ ತರಗತಿಯಾಗಿದ್ದರೆ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ತಪಾಸಣೆ ಮಾಡಿ ಎಂದು ಕೇಳುವುದು, ಪ್ರತಿಗೆ ಸಹಿ ಪಡೆಯುವುದು. ಬಿಆರ್‌ಸಿಯ ಸಂಪನ್ಮೂಲ ಶಿಕ್ಷಕರು ಶಾಲೆಗೆ ಬರುವ ದಿನ ಯಾವುದೆಂದು ತಿಳಿದುಕೊಳ್ಳುವುದು. ಪ್ರಮಾಣಪತ್ರ ಬೇಕಿದ್ದರೆ ಒಂಬತ್ತನೇ ತರಗತಿಯ ಕೊನೆಗೆ ಬಿಡದೆ ಎಂಟನೇ ತರಗತಿಯಲ್ಲೇ ಮುಗಿಸುವುದು, ಹದಿನಾಲ್ಕು ವರ್ಷಕ್ಕೆ ಮರುಪರೀಕ್ಷೆ ಇರುವುದನ್ನು ಮರೆಯದಿರುವುದು. ಟ್ಯೂಷನ್ನಿಗೆ ಕಳಿಸುವುದಾದರೆ ಎಲ್ಲ ವಿಷಯದ ಗೈಡು ಬಾಯಿಪಾಠ ಮಾಡಿಸುವವರಲ್ಲಿಗೆ ಬೇಡ. ದಿನಕ್ಕೆ ಇಪ್ಪತ್ತು ನಿಮಿಷ ಅಕ್ಷರವನ್ನೇ, ದನಿಯನ್ನೇ ಹಿಡಿದು ಕೂರುವ ತಾಳ್ಮೆ ಇರುವವರು ಬೇಕು. ಊರಿನ ನಿವೃತ್ತ ಟೀಚರೊಬ್ಬರಿಗೆ ಆ ತಾಳ್ಮೆ ಇರಬಹುದು, ಪಿಯುಸಿ ಮುಗಿಸಿದ ಅಕ್ಕನಿಗೂ ಇರಬಹುದು. ಅವರಿಗೆ ಕ್ರಮವನ್ನು ಹೇಳಿಕೊಡುವವರನ್ನು ತಾಲ್ಲೂಕಿಗೆ ತರುವುದು ಇಲಾಖೆಯ ಪಾಲಿನ ಕೆಲಸ.